ಕಹಳೆಯವನು ಊಟಕ್ಕೆ ಹೋದಾಗ

(ಕಂಬದೂರಿನ ಒಂದು ಮನೆಯ ಪಡಸಾಲೆ. ಅತ್ತೆ ಚಳ್ಳಕೆರೆಯಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು, ತವರಿಗೆ ಬಂದಿದ್ದಾರೆ. ಅಳಿಯ, ಅಂದರೆ ಅವರ ಅಣ್ಣನ ಮಗ, ಸೇನೆಯಲ್ಲಿ ಹವಾಲ್ದಾರನಾಗಿದ್ದವನು, ಈಗ ಶೇಂಗಾ ಬೆಳೆಯುತ್ತಾನೆ. ಅವನ ಮಗಳು ಮಿಲಿಟರಿ ಪೊಲೀಸ್‌ಗೆ ಅಗ್ನಿವೀರಳಾಗಿ ಸೇರಲು ಹೊರಟಿದ್ದಾಳೆ. ಹದಿನೆಂಟು ತುಂಬಿಲ್ಲ, ಮನೆಯವರ ಸಹಿ ಬೇಕು. ತಾಯಿ ಹಾಕಲು ತಯಾರಿದ್ದಾಳೆ. ಮಗಳಿಗೆ ಅಪ್ಪನದೇ ಬೇಕು.)

ಅಳಿಯ: ಅವಳ ಪರ ವಕಾಲತ್ತು ಹಾಕೋಕೆ ಬಂದಿದ್ದೀರಿ ಅಂತ ಗೊತ್ತು ಅತ್ತೆ. ಮೊದಲೇ ಹೇಳಿಬಿಡ್ತೀನಿ, ಹೆಣ್ಣಿನ ಕೈಲಿ ಆಗಲ್ಲ ಅನ್ನೋನು ನಾನಲ್ಲ. ದುರ್ಗದ ಪಕ್ಕದ ಸೀಮೆಯವನು, ಓಬವ್ವನ ಹೆಸರು ಬಂದ್ರೆ ಕೈ ಮುಗೀತೀನಿ.

ಅತ್ತೆ: ಮುಗಿ. ಆದ್ರೆ ಆ ಕಥೆ ಎಲ್ಲಿಂದ ಶುರುವಾಗುತ್ತೆ ಹೇಳು.

ಅಳಿಯ: ಹೈದರಾಲಿ ಸೈನ್ಯ ಚಿತ್ರದುರ್ಗದ ಕೋಟೆಯ ಕಿಂಡೀಲಿ ನುಸುಳೋದರಿಂದ.

ಅತ್ತೆ: ಅದಕ್ಕೂ ಮುಂಚೆ.

ಅಳಿಯ: ಅವಳ ಗಂಡ, ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಓಬವ್ವ ನೀರಿಗೆ ಹೋದಳು.

ಅತ್ತೆ: ಅಲ್ಲೇ ನಿಲ್ಲು. ಕಾವಲಿನವನು ಉಣ್ಣೋಕೆ ಕೂತಿದ್ದ, ಅದಕ್ಕೆ ಅವಳು ನುಸುಳಿದವರನ್ನ ಬಡಿಯೋಕೆ ಒನಕೆ ಹಿಡಿದಳು. ಕೆಳದಿ ಚೆನ್ನಮ್ಮ ಗದ್ದುಗೆ ಏರಿದ್ದು ಗಂಡ ಸೋಮಶೇಖರ ನಾಯಕ ಸತ್ತ ಮೇಲೆ. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಥ್ಯಾಕರೆಗೆ ಎದುರು ನಿಂತದ್ದು ಗಂಡನೂ ಇಲ್ಲ, ಮಗನೂ ಇಲ್ಲ ಅನ್ನೋ ಹೊತ್ತಿನಲ್ಲಿ. ನಾನು ಮೂವತ್ತು ವರ್ಷ ಈ ಪಾಠಗಳನ್ನ ಹೇಳಿದವಳು, ಹೇಳ್ತಾ ಹೇಳ್ತಾ ನನಗೆ ಕಂಡದ್ದು ಇಷ್ಟು. ಗಂಡಸಿನ ಜಾಗ ಖಾಲಿಯಾಗಬೇಕು, ಆಗ ಹೆಣ್ಣು ಬಂದು ತುಂಬಬೇಕು, ಕೆಲಸ ಆದ ಮೇಲೆ ಸಾಯಬೇಕು. ಅಂಥವಳಿಗೆ ನಾವು ಪ್ರತಿಮೆ ನಿಲ್ಲಿಸ್ತೀವಿ. ಚಿತ್ರದುರ್ಗದ ಸ್ಟೇಡಿಯಂಗೆ ಓಬವ್ವನ ಹೆಸರು, 2021ರಿಂದ ಕರ್ನಾಟಕ ಸರ್ಕಾರ ನವೆಂಬರ್ 11ಕ್ಕೆ ಜಯಂತಿ ಮಾಡುತ್ತೆ. ಬಹಳ ಸಂತೋಷ. ಈಗ ಹೀಗೆ ಇಟ್ಕೋ: ಓಬವ್ವ ಸಾಯಲಿಲ್ಲ. ಮುದ್ದಹನುಮ ಊಟ ಮುಗಿಸಿ ಕೈತೊಳೆದುಕೊಂಡು ಬಂದ. ಇವಳು ಸೀದಾ ದುರ್ಗದ ದೊರೆ ಮದಕರಿ ನಾಯಕರ ಮುಂದೆ ಹೋಗಿ, ನಾಳೆಯಿಂದ ಬುರುಜಿನ ಕಾವಲು ನನಗೂ ಕೊಡಿ, ಅವನಿಗೆ ಕೊಡೋ ಸಂಬಳವನ್ನೇ ಕೊಡಿ ಅಂದಳು. ಆಗ?

ಅಳಿಯ: ನಾಯಕರು ಕೊಡ್ತಿದ್ರು.

ಅತ್ತೆ: ನೀನು ಕೊಡ್ತಿದ್ದೆಯಾ?

ಅಳಿಯ: ನನ್ನನ್ನ ಯಾಕೆ ನಡುವೆ ಎಳೀತೀರಿ. ನಿಮ್ಮನ್ನ ಒಂದು ಕೇಳ್ತೀನಿ, ಚರಿತ್ರೆ ಮೇಡಮ್ಮಲ್ವಾ ನೀವು. ಓಬವ್ವ ನಿಜಕ್ಕೂ ಇದ್ದಳಾ? ಶಾಸನ ಗೀಸನ ಏನಾದ್ರೂ ಇದೆಯಾ?

ಅತ್ತೆ: ಬಾಯಿಂದ ಬಾಯಿಗೆ ಬಂದ ಕಥೆ ಅದು. ನಿನ್ನ ಕಣ್ಣಿಗೆ ಕಟ್ಟಿರೋ ಓಬವ್ವ 1972ರ ನಾಗರಹಾವು ಸಿನಿಮಾದ ಜಯಂತಿ, ಸುಳ್ಳು ಹೇಳಬೇಡ. ಕಲ್ಲಲ್ಲಿ ಇರೋಳು ಬೇಕಾ? ಸಾವಿಯಬ್ಬೆ ಇದ್ದಾಳೆ. ಶ್ರವಣಬೆಳಗೊಳದಲ್ಲಿ ವೀರಗಲ್ಲು, ಹತ್ತನೇ ಶತಮಾನದ್ದು, ಗಂಗರ ಕಾಲದ್ದು. ಗಂಡ ಲೋಕವಿದ್ಯಾಧರ. ಬಗೆಯೂರಿನ ಕಾಳಗದಲ್ಲಿ ಅವಳು ಬಿದ್ದಳು. ನೀನು ವೀರಗಲ್ಲು ಎಷ್ಟೋ ನೋಡಿರ್ತೀಯ, ಈ ಸೀಮೆಯಲ್ಲಿ ಅದಕ್ಕೇನು ಕಮ್ಮಿ. ಕೆಳಗಿನ ಪಟ್ಟಿಕೆಯಲ್ಲಿ ಗಂಡಸು ಹೊಡೆದಾಡ್ತಾನೆ, ಮೇಲಿನದರಲ್ಲಿ ಅಪ್ಸರೆಯರು ಸತ್ತವನನ್ನ ಎತ್ತಿಕೊಂಡು ಹೋಗ್ತಾರೆ. ವೀರಗಲ್ಲಿನಲ್ಲಿ ಹೆಣ್ಣಿಗೆ ಸಿಗೋ ಕೆಲಸ ಸಾಮಾನ್ಯವಾಗಿ ಅಷ್ಟೇ, ಹೊರೋದು. ಆದ್ರೆ ಸಾವಿಯಬ್ಬೆ ಕುದುರೆ ಮೇಲೆ ಕೂತು ಕತ್ತಿ ಎತ್ತಿದ್ದಾಳೆ, ಎದುರಿಗೆ ಆನೆ ಮೇಲೆ ಒಬ್ಬ ಗಂಡಸು. ಗಂಡನ ಜಾಗ ತುಂಬೋಕೆ ಬಂದವಳಲ್ಲ, ಅವನೂ ಇದ್ದ, ಇವಳೂ ಇದ್ದಳು. ಇನ್ನು ಅಕ್ಕಾದೇವಿ, ಚಾಲುಕ್ಯ ಜಯಸಿಂಹನ ಸೋದರಿ, ಕಿಸುಕಾಡನ್ನ ಆಳುತ್ತಿದ್ದಳು. 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಳು ಅಂತ ಶಾಸನವೇ ಹೇಳುತ್ತೆ. ಅಲ್ಲಿ ಯಾರೂ ಊಟಕ್ಕೆ ಹೋಗಿರಲಿಲ್ಲ. ಆಕೆಯ ಹೆಸರಲ್ಲಿ ಒಂದು ಸಿನಿಮಾ ಹಾಡಿದೆಯಾ? ನಮ್ಮ ಹೇಮಾವತಿಯ ನೊಳಂಬರ ಕಲ್ಲುಗಳನ್ನೇ ತಗೋ, ಅಲ್ಲಿ—

ಅಳಿಯ: ಅತ್ತೆ, ಹೇಮಾವತಿಗೆ ಹೊರಟ್ರೆ ವಾಪಸ್ ಬರೋಕೆ ರಾತ್ರಿಯಾಗುತ್ತೆ. ಸಹಿ ವಿಷಯ.

ಅತ್ತೆ: ನೀನೇ ಕೆಣಕಿದೆ. ಸರಿ. ಅರ್ಜಿ ಹಾಕಿ, ಕೇಳಿಕೊಂಡು, ರಣರಂಗಕ್ಕೆ ಹೋದವಳೊಬ್ಬಳ ಕಥೆ ಹೇಳ್ತೀನಿ. ರಷ್ಯಾದವಳು, ಮರಿಯಾ ಬೊಚ್ಕರೆವಾ. 1889ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದಳು. ಕುಡಿದು ಹೊಡೆಯೋ ಗಂಡನನ್ನ ಬಿಟ್ಟು ಬಂದಳು. ಆಮೇಲೆ ಸಿಕ್ಕವನೂ ಹೊಡೆಯೋನೇ. 1914ರಲ್ಲಿ ಮಹಾಯುದ್ಧ ಶುರುವಾಯ್ತು. ಸೈಬೀರಿಯಾದ ಟೋಮ್ಸ್ಕ್ ಊರಿನ ಪಡೆಯ ಅಧಿಕಾರಿ ಹತ್ರ ಹೋಗಿ ಸೇರಿಸ್ಕೊಳ್ಳಿ ಅಂದಳು. ಆಗಲ್ಲಮ್ಮ, ನರ್ಸ್ ಆಗು ಅಂದ. ಇವಳು ಝಾರ್ ದೊರೆಗೇ ತಂತಿ ಕಳಿಸಿದಳು. ದೊರೆ ಒಪ್ಪಿಗೆ ಕೊಟ್ಟ! ಬ್ಯಾರಕ್ಕಿನಲ್ಲಿ ಗಂಡಸರು ನಕ್ಕರು, ಮೈಮೇಲೆ ಬಿದ್ದರು, ಅವಳಿಂದ ಹೊಡೆತ ತಿಂದರು, ಕೊನೆಗೆ ಯಾಷ್ಕ ಅಂತ ಗಂಡು ಹೆಸರಿನಲ್ಲಿ ಕರೆದು ಜೊತೆಗಾರಳನ್ನಾಗಿ ಒಪ್ಪಿಕೊಂಡರು. ಗುಂಡೇಟು ತಿಂದಳು, ಗಾಯಾಳುಗಳನ್ನ ಎಳೆದು ತಂದಳು, ಪದಕ ಬಂತು. ಇಲ್ಲಿವರೆಗೆ ಅವಳು ಒಬ್ಬ ಸಿಪಾಯಿ, ಅಷ್ಟೇ. ನನಗೆ ಅವಳು ಹಿಡಿಸೋದು ಇಲ್ಲಿವರೆಗೆ.

ಅಳಿಯ: ಆಮೇಲೆ?

ಅತ್ತೆ: ಆಮೇಲೆ ಅವಳನ್ನ ಒನಕೆ ಮಾಡಿಕೊಂಡರು. 1917ರಲ್ಲಿ ಝಾರ್ ಇಳಿದ. ಮೂರು ವರ್ಷ ಕಾದಾಡಿ ಸೋತಿದ್ದ ಸಿಪಾಯಿಗಳು ಕಂದಕ ಬಿಟ್ಟು ಊರಿಗೆ ಹೊರಟಿದ್ದರು. ಹೊಸ ಸರ್ಕಾರಕ್ಕೆ ಯುದ್ಧ ನಡೆಸೋ ಹಟ. ಮೇ ತಿಂಗಳಲ್ಲಿ ಬೊಚ್ಕರೆವಾ ಹೆಂಗಸರದೇ ಒಂದು ಪಡೆ ಕಟ್ಟೋಣ ಅಂದಳು, ಮಂತ್ರಿ ಕೆರೆನ್‌ಸ್ಕಿ ಹೂಂ ಅಂದ. ಯಾಕೆ ಹೂಂ ಅಂದ? ಹೆಂಗಸರು ಶೂರರು ಅಂತಲ್ಲ. ಹೆಂಗಸರು ಹೋಗೋದು ನೋಡಿ ಗಂಡಸರಿಗೆ ನಾಚಿಕೆಯಾಗಲಿ ಅಂತ. ಎರಡು ಸಾವಿರದಷ್ಟು ಹೆಂಗಸರು ಬಂದರು: ರೈತರವರು, ಕಾಲೇಜಿನವರು, ಅಧಿಕಾರಿಗಳ ಮನೆಯವರು. ಬೊಚ್ಕರೆವಾ ಅವರ ತಲೆ ನುಣ್ಣಗೆ ಬೋಳಿಸಿದಳು, ನಕ್ಕರೆ ಶಿಕ್ಷೆ, ಎದುರು ಮಾತಾಡಿದ್ರೆ ಕಪಾಳಕ್ಕೆ. ಬೇರೆ ಪಡೆಗಳ ಹಾಗೆ ಸಿಪಾಯಿಗಳ ಸಮಿತಿ ಬೇಕು ಅಂದವರನ್ನ ಹೊರಗೆ ಹಾಕಿದಳು. ಉಳಿದವರು ಮುನ್ನೂರು ಚಿಲ್ಲರೆ. ಮರಣದ ಪಡೆ ಅಂತ ಹೆಸರು. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಮತ ಬೇಕು ಅಂತ ಜೈಲಿಗೆ ಹೋಗಿದ್ದ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಬಂದು ಅವರ ಕವಾಯತು ನೋಡಿ ಮೆಚ್ಚಿ ಹೋದಳು. ಜುಲೈನಲ್ಲಿ ಸ್ಮೋರ್ಗೊನ್ ಹತ್ರ ದಾಳಿಯ ಹೊತ್ತು. ಗಂಡಸರು ಕಂದಕದಲ್ಲಿ ಕೂತು ಹೋಗೋಣವೋ ಬೇಡವೋ ಅಂತ ಚರ್ಚೆ ಮಾಡ್ತಿದ್ದರು, ಇವರು ಮೇಲೆದ್ದು ನಡೆದರು. ಕೆಲವರು ಗಂಡಸರೂ ಹಿಂದೆ ಬಂದರು. ಜರ್ಮನರ ಕಂದಕ ಸಾಲುಗಳನ್ನ ಹಿಡಿದರು. ಹಿಂದಿನಿಂದ ಕುಮ್ಮಕ್ಕು ಬರಲಿಲ್ಲ, ಹಿಡಿದದ್ದೆಲ್ಲ ಬಿಟ್ಟು ವಾಪಸ್.

ಅಳಿಯ: ಅಂದ್ರೆ ಕೆಲಸ ಮಾಡಿದ್ರು.

ಅತ್ತೆ: ಮಾಡಿದ್ರು! ನಾಚಿಕೆ ಮಾತ್ರ ಕೆಲಸ ಮಾಡಲಿಲ್ಲ. ಗಂಡಸರು ನಾಚಲಿಲ್ಲ, ಸಿಟ್ಟಾದರು. ನಾವು ಮನೆಗೆ ಹೋಗೋಣ ಅಂತಿದ್ರೆ ಇವರು ಯುದ್ಧ ಎಳೀತಿದ್ದಾರೆ ಅಂತ. ಅದೇ ವರ್ಷ ಅಕ್ಟೋಬರ್ ಕ್ರಾಂತಿಯ ರಾತ್ರಿ ಪೆಟ್ರೊಗ್ರಾಡಿನ ಚಳಿಗಾಲದ ಅರಮನೆ ಕಾಯ್ತಿದ್ದವರಲ್ಲಿ ಇನ್ನೊಂದು ಹೆಂಗಸರ ಪಡೆಯ ಒಂದು ಕಂಪನಿ ಇತ್ತು. ಬೊಲ್ಶೆವಿಕರು ಬಂದ ಮೇಲೆ ಆ ಪಡೆಗಳನ್ನೆಲ್ಲ ವಿಸರ್ಜಿಸಿದರು. ಬೊಚ್ಕರೆವಾ ಅಮೆರಿಕಕ್ಕೆ ಹೋದಳು, ಅಧ್ಯಕ್ಷ ವಿಲ್ಸನ್ನನ ಕಂಡಳು, ಬ್ರಿಟನ್ನಿನ ದೊರೆಯನ್ನೂ ಕಂಡಳು, ರಷ್ಯಾಕ್ಕೆ ತಿರುಗಿ ಬಂದಳು. 1920ರ ಮೇ 16ರಂದು ಕ್ರಾಸ್ನೊಯಾರ್ಸ್ಕ್‌ನಲ್ಲಿ ಬೊಲ್ಶೆವಿಕರು ಅವಳನ್ನ ಗುಂಡಿಟ್ಟು ಕೊಂದರು. ಮೂವತ್ತೊಂದು ವಯಸ್ಸು ಆಗಿರಬೇಕು, ಇಲ್ಲ ತುಂಬೋದರಲ್ಲಿತ್ತು.

ಅಳಿಯ: ನೋಡಿ, ನೀವೇ ನನ್ನ ಪರ ವಾದ ಮಾಡಿದ್ರಿ. ಸೇರಿ ಏನು ಸಿಕ್ತು ಅವಳಿಗೆ? ಅತ್ತೆ, ನಾನು ಲಡಾಖಿನಲ್ಲಿದ್ದವನು. ಸೈನ್ಯ ಅಂದ್ರೆ ನೀವು ಕ್ಲಾಸಿನಲ್ಲಿ ಹೇಳೋ ಹಾಗಿಲ್ಲ. ಕಾಯೋದು, ಚಳಿ, ಬೈಗಳು, ಮತ್ತೆ ಕಾಯೋದು. ಜೊತೆಯವನು ಹೋದ್ರೆ ಅವನ ಟ್ರಂಕಿಗೆ ಬೀಗ ಹಾಕಿ ಊರಿಗೆ ಕಳಿಸಬೇಕು. ಕೊಲ್ಲೋದು, ಸಾಯೋದು ಗಂಡಸರ ತಲೆಗೆ ಬಿದ್ದಿರೋ ದರಿದ್ರ. ಇದರಲ್ಲೂ ಸಮಪಾಲು ಕೇಳ್ತಾರಲ್ಲ, ಯಾಕೆ? ಹೆಣ್ಣುಮಕ್ಕಳು ನಮ್ಮನ್ನ ಇದರಿಂದ ಬಿಡಿಸಬೇಕಿತ್ತು, ತಾವೂ ಬಂದು ಬೀಳೋದಲ್ಲ.

ಅತ್ತೆ: ಒಳ್ಳೇ ಮಾತು. ನೀನು ಹೇಳಿದ್ದರಲ್ಲಿ ಇದೊಂದಕ್ಕೆ ನನಗೆ ಕೂಡಲೇ ಉತ್ತರ ಹೊಳೀತಿಲ್ಲ. ಆದ್ರೆ ನೀನು ಸೇರಿದ ದಿನ ಇದನ್ನ ಯೋಚಿಸಿದ್ಯಾ?

ಅಳಿಯ: ಇಲ್ಲ.

ಅತ್ತೆ: ಯಾಕೆ ಸೇರಿದೆ?

ಅಳಿಯ: ಗೊತ್ತಲ್ಲ ನಿಮಗೆ. ಮಳೆ ಕೈಕೊಟ್ಟು ಶೇಂಗಾ ಬೀಜದ ದುಡ್ಡೂ ಹುಟ್ಟಿರಲಿಲ್ಲ. ಅಪ್ಪ ಸಾಲ ಮಾಡಿದ್ರು. ಸಂಬಳಕ್ಕೆ ಸೇರಿದೆ.

ಅತ್ತೆ: ನಿನ್ನ ಮಗಳೂ ಸಂಬಳಕ್ಕೇ ಸೇರ್ತಿದ್ದಾಳೆ ಕಣಪ್ಪ. ನೀನು ಸಂಬಳಕ್ಕೆ ಹೋದಾಗ ಊರಿನವರು ದೇಶಸೇವೆ ಅಂದರು. ಅವಳು ಹೊರಟಾಗ ನಿನಗೆ ಯುದ್ಧದ ಪಾಪ ನೆನಪಾಗುತ್ತೆ. ಕೆರೆನ್‌ಸ್ಕಿ ಬೊಚ್ಕರೆವಾಳನ್ನ ಯಾವತ್ತೂ ಸಿಪಾಯಿ ಅಂತ ಎಣಿಸಲಿಲ್ಲ, ಗಂಡಸರ ಮುಖಕ್ಕೆ ಹಿಡಿಯೋ ಕನ್ನಡಿ ಅಂತ ಎಣಿಸಿದ. ನಾವು ಓಬವ್ವನಿಗೆ ಮಾಡಿದ್ದೂ ಅದೇ. ಹೆಣ್ಣು ಕಾದಿದ್ದನ್ನ ನಾವು ಮೆಚ್ಚೋದು ಗಂಡಸಿಗೆ ಏನೋ ಹೇಳೋಕೆ. ಅವಳಿಗೆ ಒಂದು ನಂಬರು, ಒಂದು ರ‍್ಯಾಂಕು, ತಿಂಗಳ ಕೊನೆಗೆ ಸಂಬಳ ಅಂದ ಕೂಡಲೇ ಮೆಚ್ಚುಗೆ ಬತ್ತಿಹೋಗುತ್ತೆ. ನನ್ನ ಕೇಳಿದ್ರೆ ವೀರ ವನಿತೆ ಅನ್ನೋ ಬಿರುದಿಗಿಂತ ಹಾಜರಿ ಪುಸ್ತಕದಲ್ಲಿ ಒಂದು ಸಾಲು ದೊಡ್ಡದು.

ಅಳಿಯ: ಈಗೇನು ಕೊಡ್ತಿಲ್ವಾ ಸೈನ್ಯದಲ್ಲಿ?

ಅತ್ತೆ: ಕೇಳಿ, ಕೋರ್ಟಿಗೆ ಹೋಗಿ, ಅಷ್ಟಷ್ಟೇ. 2020ರ ಫೆಬ್ರವರಿ 17ಕ್ಕೆ ಸುಪ್ರೀಂ ಕೋರ್ಟು ಮಹಿಳಾ ಅಧಿಕಾರಿಗಳಿಗೂ ಕಾಯಂ ಸೇವೆ ಕೊಡಬೇಕು ಅಂತ ತೀರ್ಪು ಕೊಡ್ತು. ಅಲ್ಲಿ ಸರ್ಕಾರ ಏನು ವಾದ ಮಾಡಿತ್ತು ಗೊತ್ತಾ? ಸಿಪಾಯಿಗಳು ಹೆಚ್ಚಾಗಿ ಹಳ್ಳಿಯಿಂದ ಬಂದ ಗಂಡಸರು, ಹೆಂಗಸಿನ ಆಜ್ಞೆ ಪಾಲಿಸೋಕೆ ಅವರ ಮನಸ್ಸು ಇನ್ನೂ ಒಗ್ಗಿಲ್ಲ ಅಂತ. ಅಂದ್ರೆ ನೀನು. ಕಂಬದೂರಿನ ಹವಾಲ್ದಾರನ ಹೆಸರಿನಲ್ಲಿ ದೆಹಲಿಯಲ್ಲಿ ವಾದ ನಡೀತು, ನಿನ್ನನ್ನ ಒಂದು ಮಾತು ಕೇಳದೆ.

ಅಳಿಯ: ಹಾಗಂದ್ರಾ?

ಅತ್ತೆ: ಕೋರ್ಟು ಆ ವಾದ ತಳ್ಳಿಹಾಕ್ತು. ಈಗ ನಾನು ಕೇಳ್ತೀನಿ. ಪಾಲಿಸ್ತಿದ್ಯಾ?

ಅಳಿಯ: ನಮ್ಮಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ರು, ಮೇಜರ್. ಎದ್ದು ಸೆಲ್ಯೂಟ್ ಹೊಡೀತಿದ್ದೆ. ಹೆಗಲ ಮೇಲಿನ ಪಟ್ಟಿ ನೋಡ್ತೀವಿ, ಮುಖ ಯಾರು ನೋಡ್ತಾರೆ. ಆರ್ಡರ್ ಸರಿ ಇದ್ರೆ ಸಾಕು. ಗಂಡಸು ಮೇಜರ್‌ಗಳ ತಲೆಹರಟೆ ಆರ್ಡರ್ ಎಷ್ಟು ಪಾಲಿಸಿಲ್ಲ ನಾನು!

ಅತ್ತೆ: ಇದನ್ನ ಆ ಕೋರ್ಟಿನಲ್ಲಿ ಹೇಳಬೇಕಿತ್ತು ನೀನು.

ಅಳಿಯ: ನನ್ನನ್ನ ಕರೆದಿದ್ರಲ್ವೆ ಹೇಳೋಕೆ. ಸರಿ ಅತ್ತೆ, ಒಪ್ಪಿದೆ. ಗಂಡು ಸೇರಬಹುದಾದ್ರೆ ಹೆಣ್ಣೂ ಸೇರಬಹುದು.

ಅತ್ತೆ: ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರ್‌ನಿಂದ 2021ರ ಮೇ 8ಕ್ಕೆ ಮೊದಲ ತಂಡ ಹೊರಬಿತ್ತು, 83 ಹೆಣ್ಣುಮಕ್ಕಳು, 61 ವಾರಗಳ ತರಬೇತಿ. ಅಧಿಕಾರಿಗಳಲ್ಲ, ಸಿಪಾಯಿಗಳು. ನಮ್ಮಂಥ ಮನೆಗಳ ಮಕ್ಕಳು. ಕಾಲ್ದಳ, ಟ್ಯಾಂಕು ಇನ್ನೂ ಹೆಣ್ಣಿಗೆ ಇಲ್ಲ, ಅದು ಬೇರೆ ಜಗಳ. ಆದ್ರೆ ಇದು ಯಾರನ್ನೂ ನಾಚಿಸೋಕೆ ಕಟ್ಟಿದ ಪಡೆಯಲ್ಲ. ಡ್ಯೂಟಿ, ಸಂಬಳ, ರಜೆ, ಪಿಂಚಣಿ. ಓಬವ್ವನಿಗೆ ಸಿಗದೇ ಹೋದದ್ದು.

ಅಳಿಯ: ಪಿಂಚಣಿ?

ಅತ್ತೆ: ಹೂಂ, ನಿನಗೆ ಬರಲ್ವಾ?

ಅಳಿಯ: ನನಗೆ ಬರುತ್ತೆ. ಇವಳು ಅಗ್ನಿವೀರ, ಅತ್ತೆ. ನಾಲ್ಕು ವರ್ಷ. ನಾಲ್ಕು ಮುಗಿದ ಮೇಲೆ ನೂರಕ್ಕೆ ಇಪ್ಪತ್ತೈದು ಜನರವರೆಗೆ ಇಟ್ಕೋತಾರೆ, ಉಳಿದವರಿಗೆ ಒಂದು ಗಂಟು ಕೊಟ್ಟು ಮನೆಗೆ. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ. 2022ರಿಂದ ಸಿಪಾಯಿ ಭರ್ತಿಯೇ ಹಾಗೆ, ಗಂಡಿಗೂ ಹೆಣ್ಣಿಗೂ.

ಅತ್ತೆ: ಅದು ನನಗೆ...

ಅಳಿಯ: ನೀವು ಹಾಜರಿ ಪುಸ್ತಕ ಅಂದ್ರಿ. ನಾನು ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ನೋಡ್ತಿದ್ದೀನಿ, ನೀವು ರಷ್ಯಾಕ್ಕೆ ಕರ್ಕೊಂಡು ಹೋದ್ರಿ. ಹೆಣ್ಣು ಅಂತ ನಾನು ತಡೀತಿಲ್ಲ. ನನಗೆ ಹದಿನೇಳು ವರ್ಷ ಸರ್ವಿಸು ಕೊಟ್ಟು, ಊರಲ್ಲಿ ತಲೆ ಎತ್ತಿ ನಡೆಯೋ ಹಾಗೆ ಮಾಡಿದ ನೌಕರಿ ಅದು. ಹೆಣ್ಣುಮಕ್ಕಳಿಗೆ ಬಾಗಿಲು ತೆಗೆಯೋ ಹೊತ್ತಿಗೆ ಒಳಗಿದ್ದದ್ದನ್ನೇ ಖಾಲಿ ಮಾಡಿದ್ರಲ್ಲ.

ಅತ್ತೆ: ಮಗ ಇದ್ದು, ಅವನು ಅಗ್ನಿವೀರನಾಗ್ತೀನಿ ಅಂದಿದ್ರೆ?

ಅಳಿಯ: ಅವನಿಗೂ ಬೇಡ ಅಂತಿದ್ದೆ.

ಅತ್ತೆ: ಅಂದು, ಸಹಿ?

ಅಳಿಯ: ...ಹಾಕ್ತಿದ್ದೆ ಅನ್ಸುತ್ತೆ. ಹುಡುಗ, ನಾಲ್ಕು ವರ್ಷ ಆದ ಮೇಲೆ ಏನೋ ಒಂದು ಮಾಡ್ಕೋತಾನೆ ಅಂತ.

ಅತ್ತೆ: ಅವಳು ಮಾಡ್ಕೊಳ್ಳಲ್ವಾ?

ಅಳಿಯ: ಅವಳು ಬಂದ ಮೇಲೆ ಮದುವೆ ವಿಷಯದಲ್ಲಿ ಜನ ಏನಂತಾರೆ ಗೊತ್ತಾ ನಿಮಗೆ? ಸೇರೋವಾಗಲೇ ಮದುವೆಯಾಗಿಲ್ಲ ಅಂತ ಸರ್ಟಿಫಿಕೇಟ್ ಕೇಳ್ತಾರೆ. ಬಂದ ಮೇಲೆ ಊರು ಕೇಳೋ ಸರ್ಟಿಫಿಕೇಟೇ ಬೇರೆ.

ಅತ್ತೆ: ಹಿಟ್ಲರನ ವಿರುದ್ಧ ಕಾದಿ ಗೆದ್ದು ಬಂದ ಸೋವಿಯತ್ ಹೆಣ್ಣುಮಕ್ಕಳನ್ನೂ ಊರಿನವರು ಅದನ್ನೇ ಕೇಳಿದ್ರು. ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅಂತ ಒಬ್ಬಾಕೆ ಅವರ ಮಾತುಗಳನ್ನ ಕೂಡಿಸಿ ಪುಸ್ತಕ ಮಾಡಿದ್ದಾಳೆ, ಪದಕ ತೋರಿಸೋಕೂ ಹೆದರಿದವರಿದ್ದರು. ಅದು ಅವರ ತಪ್ಪೋ, ಊರಿನ ತಪ್ಪೋ?

ಅಳಿಯ: ಊರಿನದ್ದೇ. ಆದ್ರೆ ಊರಲ್ಲಿ ಇರಬೇಕಾದವಳು ಅವಳು.

(ಮಗಳು ಒಳಗಿನಿಂದ ಬರುತ್ತಾಳೆ.)

ಮಗಳು: ಅಪ್ಪ, ಕಲ್ಯಾಣದುರ್ಗದ ಬಸ್ಸಿಗೆ ಹೊತ್ತಾಯ್ತು. ಕಾಗದ ಕೊಡ್ತೀಯೋ, ಅಮ್ಮನ ಹತ್ರ ಹೋಗಲೋ?

ಅಳಿಯ: ನಾಲ್ಕು ವರ್ಷ ಆದ ಮೇಲೆ ಏನು ಮಾಡ್ತೀಯ?

ಮಗಳು: ನೀನು ಸೇರಿದಾಗ ತಾತ ಅದನ್ನ ಕೇಳಿದ್ರಾ?

ಅಳಿಯ: ಅವರು ಕೇಳಲಿಲ್ಲ. ನಾನು ಕೇಳ್ತಿದ್ದೀನಿ. ಕೂತ್ಕೊಂಡು ಹೇಳು, ಬಸ್ಸು ಇನ್ನೊಂದು ಬರುತ್ತೆ.