ನನ್ನ ಎದೆಯ ಲೆಕ್ಕ

ಹೈಸ್ಕೂಲಿನಲ್ಲಿ 30 ವರ್ಷ ಗಣಿತ ಕಲಿಸಿದವಳು ನಾನು. ಅಂಕಗಳೆಂದರೆ ನನಗೆ ಹೆದರಿಕೆಯಿಲ್ಲ ಎಂದುಕೊಂಡಿದ್ದೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ 35 ಬಂದರೆ ಪಾಸು. 32 ಬಂದ ಮಗುವಿನ ಉತ್ತರಪತ್ರಿಕೆಯನ್ನು ಮತ್ತೊಮ್ಮೆ ಮಗುಚಿ, ಎಲ್ಲಾದರೂ ಮೂರು ಅಂಕ ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ಸಿಗದಿದ್ದರೆ ಕೆಂಪು ಶಾಯಿಯಲ್ಲಿ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದೆ. ಆ ಮಕ್ಕಳು ಮನೆಗೆ ಹೋಗಿ ಏನು ಹೇಳಿದರೋ, ಎಷ್ಟು ಮಂದಿ ಅಂಕಪಟ್ಟಿಯನ್ನು ಹಾಸಿಗೆಯಡಿ ಬಚ್ಚಿಟ್ಟರೋ, ಆಗ ಯೋಚಿಸಿದವಳಲ್ಲ. 2025ರಲ್ಲಿ ನನ್ನ ಹೃದಯಕ್ಕೇ 32 ಬಂತು. ಆ ಕಾಗದವನ್ನು ನನ್ನ ಮಗ ಬೀರುವಿನಲ್ಲಿ, ಮನೆ ಕಂದಾಯದ ರಸೀದಿಗಳ ಅಡಿ ಬಚ್ಚಿಟ್ಟಿದ್ದ.

ಆದರೆ ಮುಚ್ಚಿಡುವ ಆಟವನ್ನು ಶುರು ಮಾಡಿದವನು ಅವನಲ್ಲ, ನಾನೇ. 2021ರ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ ತೊಳೆದು ನೀರು ಹೊಯ್ಯುತ್ತಿದ್ದೆ. ದವಡೆಯಲ್ಲಿ ಏನೋ ಸೆಳೆತ, ಬೆನ್ನಿನ ನಡುವೆ ನೋವು, ಮೈಯೆಲ್ಲ ಬೆವರು. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳುವಂಥದ್ದೇನೂ ಆಗಲಿಲ್ಲ. "ಯಾಕೆ ಮುಖ ಹೀಗಾಗಿದೆ?" ಎಂದು ನಮ್ಮನೆಯವರು ಕೇಳಿದರು. "ಏನಿಲ್ಲ, ಸುಸ್ತು" ಅಂದೆ. ಹಬ್ಬದ ಮನೆ, ಮಗ ಸೊಸೆ ಬಂದಿದ್ದಾರೆ, ಯಾಕೆ ಗಾಬರಿ ಮಾಡುವುದು? ಓಮದ ಕಷಾಯ ಕುಡಿದು, ಗ್ಯಾಸಿನ ಮಾತ್ರೆ ನುಂಗಿ ಮಲಗಿದೆ. ಮಾರನೆಯ ದಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ, ರಕ್ತ ಸಿಗದೆ ಹೃದಯದ ಒಂದು ಭಾಗದ ಮಾಂಸಖಂಡ ಸತ್ತೇಹೋಗಿತ್ತು. ಅದು ಗಂಟೆಗಳ ಲೆಕ್ಕದಲ್ಲಿ ಸಾಯುತ್ತದಂತೆ, ಸತ್ತದ್ದು ಮತ್ತೆ ಚಿಗುರುವುದಿಲ್ಲವಂತೆ. ಹೆಂಗಸರಲ್ಲಿ ಹೃದಯಾಘಾತ ಅನೇಕ ಸಲ ಹೀಗೆ ದವಡೆ, ಬೆನ್ನು, ಏದುಸಿರು, ಸುಸ್ತಿನ ವೇಷದಲ್ಲಿ ಬರುತ್ತದೆ. ನಮಗೋ "ಏನಿಲ್ಲ" ಎಂಬ ಮಾತು ಬಾಯಲ್ಲೇ ಇರುತ್ತದೆ.

ಆಮೇಲೆ ಎಕೋ ಪರೀಕ್ಷೆಗಳು ಶುರುವಾದವು. ಕತ್ತಲ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಹಚ್ಚಿ, ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತಾರೆ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ, ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಮನುಷ್ಯನ ಎದೆಯ ಮೇಲಿಟ್ಟು ಈ ವಿದ್ಯೆಯನ್ನು ಮೊದಲು ಮಾಡಿದವರು. ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬುದು ಅದರಿಂದ ಬರುವ ಒಂದು ಮುಖ್ಯ ಅಂಕ. ನನಗೆ 2021ರಲ್ಲಿ 45, 2023ರಲ್ಲಿ 40. ಮೂರನೆಯ ಸಲ ಒಳಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬಂದ ಮಗ, "ಹೋದ ಸಲದಷ್ಟೇ ಇದೆಯಮ್ಮ, ಮಾತ್ರೆ ಸ್ವಲ್ಪ ಬದಲಾಯಿಸಿದ್ದಾರೆ" ಅಂದ.

ಕಂದಾಯದ ರಸೀದಿ ಹುಡುಕುವಾಗ ಆ 32 ಕೈಗೆ ಸಿಕ್ಕಿತು. ನೋಡಿ, ನಾನೇನು ಮಾಡಿದೆ ಗೊತ್ತೇ? ಮಡಿಸಿ ಇದ್ದಲ್ಲೇ ಇಟ್ಟೆ. ಎಂಟು ದಿನ ಏನೂ ಗೊತ್ತಿಲ್ಲದವಳಂತೆ ಓಡಾಡಿದೆ. ಅವರು ನನ್ನೆದುರು ನಗುತ್ತಿದ್ದರು, ನಾನು ಅವರೆದುರು. ರಾತ್ರಿ ಎರಡು ದಿಂಬು ಇಟ್ಟುಕೊಂಡು ಒರಗಿ ಮಲಗಿದಾಗ ನನ್ನ ಉಸಿರನ್ನು ನಾನೇ ಎಣಿಸುತ್ತಿದ್ದೆ. ಪಕ್ಕದಲ್ಲಿ ನಮ್ಮನೆಯವರೂ ನಿದ್ದೆ ಬಂದವರಂತೆ ಬಿದ್ದುಕೊಂಡು ಅದನ್ನೇ ಎಣಿಸುತ್ತಿದ್ದರು. ಒಂದೇ ಹೆದರಿಕೆಯನ್ನು ಇಬ್ಬರೂ ಬೇರೆ ಬೇರೆ ಹೊದಿಕೆಯೊಳಗೆ ಇಟ್ಟುಕೊಂಡಿದ್ದೆವು.

ಆ ದಿನಗಳಲ್ಲಿ ನಮ್ಮ ಅತ್ತೆ ತುಂಬ ನೆನಪಾದರು. 1994ರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್. ಹುಣ್ಣು ಎಂದು ಹೇಳಿದೆವು. ಹೇಳಿದವರಲ್ಲಿ ನಾನೂ ಒಬ್ಬಳು. ಅವರ ತವರೂರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯ ಮೇಲೆ ನಿಂತು ಒಮ್ಮೆ ನೋಡಬೇಕು ಎಂದು ಅವರ ಆಸೆ. "ಈಗ ಬಿಸಿಲು ಅತ್ತೆ, ಗುಣವಾಗಲಿ, ಮುಂದಿನ ವರ್ಷ ಹೋಗೋಣ" ಅಂದೆ. ಮುಂದಿನ ವರ್ಷ ಇಲ್ಲವೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋದರು. ನೋವಾಗದಿರಲಿ ಎಂದು ಆಡಿದ ಸುಳ್ಳು ಅವರ ನೋವನ್ನು ತಡೆಯಲಿಲ್ಲ, ಅವರ ಕೊನೆಯ ಬೇಸಿಗೆಯನ್ನು ಮಾತ್ರ ಕಸಿದುಕೊಂಡಿತು.

ಅಪ್ರಿಯವಾದ ಸತ್ಯವನ್ನು ನುಡಿಯಬಾರದು ಎಂಬ ಸುಭಾಷಿತವನ್ನು ನಾವೆಲ್ಲ ಕೇಳಿಕೊಂಡು ಬೆಳೆದವರು. ಪ್ರಿಯವಾದ ಸುಳ್ಳನ್ನೂ ನುಡಿಯಬಾರದು ಎಂದು ಅದೇ ಶ್ಲೋಕ ಮುಂದೆ ಹೇಳುತ್ತದೆ. ಮನೆಗಳಲ್ಲಿ ಮೊದಲರ್ಧ ಉಳಿಯಿತು, ಉಳಿದರ್ಧ ಮರೆತುಹೋಯಿತು. ಹಾಗಾದರೆ ಏನು ನುಡಿಯಬೇಕು? ಪುಣ್ಯಕೋಟಿಯ ಕತೆಯನ್ನು ಮಕ್ಕಳಿಗೆ ಹೇಳುವಾಗ ಮಾತಿಗೆ ತಪ್ಪಬಾರದು ಎಂಬ ನೀತಿಯನ್ನಷ್ಟೇ ಹೇಳುತ್ತಿದ್ದೆ. ಈಗ ಆ ಹಸು ನನಗೆ ಬೇರೆ ಥರ ಕಾಣುತ್ತದೆ. ಹುಲಿ ಕಾದಿದೆ ಎಂದು ಅದಕ್ಕೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ದೊಡ್ಡಿಗೆ ಹೋಗಿ ಕರುವಿಗೆ ಹಾಲೂಡಿಸಿ, ಬುದ್ಧಿ ಹೇಳಿ, ಉಳಿದ ಹಸುಗಳಿಗೆ ಅದನ್ನು ಒಪ್ಪಿಸಿ ಬರಲು ಆಯಿತು. ಹುಲಿಯ ವಿಷಯವನ್ನು ಯಾರಾದರೂ ಅದರಿಂದ ಮುಚ್ಚಿಟ್ಟಿದ್ದರೆ ಆ ಕರುವಿನ ಗತಿ ಏನಾಗುತ್ತಿತ್ತು?

ಒಂಬತ್ತನೆಯ ದಿನ ಜಗಲಿಯಲ್ಲಿ ಅಪ್ಪ ಮಗ ಪಿಸುಮಾತಾಡುತ್ತಿದ್ದರು. ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರ ಕೂರಿಸಬೇಕಾಗಬಹುದು, ಲಕ್ಷಗಟ್ಟಲೆ ಆಗುತ್ತದೆ, ಅರ್ಧ ಎಕರೆ ಅಡಿಕೆ ತೋಟ ಕೊಟ್ಟರೆ ಹೇಗೆ ಎಂದು. ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಎದೆಯ ಲೆಕ್ಕ, ನನ್ನನ್ನೇ ಬಿಟ್ಟು ನಡೆಯುತ್ತಿತ್ತು. ಒಳಗೆ ಹೋಗಿ ಕಾಗದ ತಂದು ಅವರ ನಡುವೆ ಇಟ್ಟೆ.

"ನಿನಗೆ ಯಾವಾಗ ಗೊತ್ತಾಯ್ತಮ್ಮ?" ಮಗನ ದನಿ ನಡುಗಿತು.

"ಎಂಟು ದಿನ ಆಯ್ತು."

ನಮ್ಮನೆಯವರು ತುಂಬ ಹೊತ್ತು ಸುಮ್ಮನಿದ್ದು, "ಅಂತೂ ಒಬ್ಬನೇ ಹೆದರೋದು ತಪ್ಪಿತು ಮಾರಾಯ್ತಿ" ಅಂದರು. ಆಮೇಲೆ ಮೂವರೂ ಅತ್ತೆವು. ಅಳು ಮುಗಿದ ಮೇಲೆ ಮನೆ ಹಗುರಾಯಿತು ಎಂದೇನೂ ಹೇಳಲಾರೆ. ಆದರೆ ಅಂದು ರಾತ್ರಿ ಅವರು ನಿದ್ದೆ ಬಂದವರಂತೆ ನಟಿಸಲಿಲ್ಲ.

ಮುಂದಿನ ಸಲ ಡಾಕ್ಟರ ಎದುರು ನಾನೇ ಕೂತೆ. ಇದು ನೂರಕ್ಕೆ ಕೊಡುವ ಅಂಕವಲ್ಲ ಎಂದು ಆಗ ತಿಳಿಯಿತು. ಗಟ್ಟಿ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ, 55ರಿಂದ 70 ಇದ್ದರೆ ಸರಿಯಾಗಿದೆ ಎಂದರ್ಥ. ಅಳೆಯುವವರು ಬದಲಾದರೆ ನಾಲ್ಕೈದು ಅಂಕ ಹೆಚ್ಚು ಕಡಿಮೆಯೂ ಆದೀತು. ಇಷ್ಟು ಕೇಳಿ, "ಹಾಗಾದರೆ ಇಳಿದೇ ಇಲ್ಲವೇನೋ" ಎಂದು ಮನಸ್ಸು ಗ್ರೇಸ್ ಮಾರ್ಕ್ಸಿಗೆ ಕೈಚಾಚಿತು. ಅವರು ಬಿಡಲಿಲ್ಲ. ಸತ್ತ ಭಾಗದ ಕೆಲಸವನ್ನೂ ಹೊರುವ ಉಳಿದ ಹೃದಯ ವರ್ಷಗಳಲ್ಲಿ ಹಿಗ್ಗಿ ಸಡಿಲವಾಗುತ್ತದೆ, ನಿಮ್ಮದು ನಿಜವಾಗಿ ಇಳಿದಿದೆ ಅಂದರು. ನಾಲ್ಕು ಬಗೆಯ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಮೂರು ತಿಂಗಳು ಕೊಟ್ಟು ಮತ್ತೆ ನೋಡಬೇಕು, ಆಗಲೂ 35ರ ಒಳಗೇ ಇದ್ದರೆ ಯಂತ್ರದ ಮಾತು. ಅದು ಹೃದಯಕ್ಕೆ ಬಲ ಕೊಡುವುದಲ್ಲ, ಬಡಿತ ಹಠಾತ್ತನೆ ಕೆಟ್ಟು ಪ್ರಾಣ ಹೋಗದಂತೆ ಕಾಯುವ ಕಾವಲುಗಾರ. ಇಲ್ಲೂ 35! ನಗು ಬಂತು ನನಗೆ.

ಈಗ ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಎರಡು ಮೂರು ದಿನದಲ್ಲೇ ತೂಕ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಅರ್ಥ, ಫೋನು ಮಾಡಬೇಕು. ಮಿಡಿ ಉಪ್ಪಿನಕಾಯಿಯ ಭರಣಿ ಸೊಸೆಯ ಮನೆಗೆ ಹೋಯಿತು. ಏಪ್ರಿಲಿನಲ್ಲಿ ಮೂವರೂ ಕಾರು ಮಾಡಿಕೊಂಡು ಹಿನ್ನೀರಿನ ದಂಡೆಗೆ ಹೋಗಿ ಬಂದೆವು. ನೀರು ಇಳಿದಿತ್ತು, ಬೋಳು ಬುಡಗಳು ಕಾಣುತ್ತಿದ್ದವು. ಅತ್ತೆಗೆ ಕೊಡದೆ ಉಳಿಸಿಕೊಂಡ ಬೇಸಿಗೆ ಅದು.

ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕು ಎಂದು ನಾನು ಹೇಳುತ್ತಿಲ್ಲ. "ನನಗೇನೂ ಹೇಳಬೇಡಿ, ಏನು ಮಾಡಬೇಕೋ ಮಾಡಿ" ಎನ್ನುವವರಿದ್ದಾರೆ. ಅದೂ ಅವರ ಹಕ್ಕೇ. ಆದರೆ ಆ ಮಾತನ್ನು ಅವರೇ ಹೇಳಬೇಕು, ಅವರ ಪರವಾಗಿ ನಾವು ಹೇಳಿಕೊಳ್ಳಬಾರದು. "ನಿನಗೆ ಎಷ್ಟು ತಿಳಿಯಬೇಕು?" ಎಂದು ಒಮ್ಮೆ ಕೇಳುವುದು ಅಷ್ಟು ಕಷ್ಟವೇ? ಅತ್ತೆಯನ್ನು ನಾನು ಕೇಳಲಿಲ್ಲ. ಹಬ್ಬದ ಸಂಜೆ ಕೇಳಿದವರಿಗೆ ನಾನು ಹೇಳಲಿಲ್ಲ. ಎರಡಕ್ಕೂ ಪ್ರೀತಿ ಎಂದೇ ಹೆಸರಿಟ್ಟಿದ್ದೆ.

ಮೂರು ತಿಂಗಳ ನಂತರದ ಪರೀಕ್ಷೆಯೂ ಆಯಿತು. ಅಲ್ಲಿಯ ಹುಡುಗಿ ವರದಿಯನ್ನು ಅಭ್ಯಾಸದಂತೆ ಮಗನ ಕಡೆಗೆ ಚಾಚಿದಳು. "ನನ್ನ ಕೈಗೆ ಕೊಡಮ್ಮ" ಅಂದೆ. 34. ಇದನ್ನು ಏರಿಕೆ ಎನ್ನಲಾಗದು, ಅಳತೆಯ ಹೆಚ್ಚುಕಡಿಮೆಯೇ ಇದ್ದೀತು. ಯಂತ್ರ ಹಾಕಿಸುವುದೋ ಬಿಡುವುದೋ, ತೋಟ ಇರುವುದೋ ಹೋಗುವುದೋ, ನಾನಿನ್ನೂ ತೀರ್ಮಾನಿಸಿಲ್ಲ. ಅಂದು ಅಲ್ಲೇ ಬೆಂಚಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಆಮೇಲೆ ಮಗನಿಗೆ ಕೊಟ್ಟೆ.