ನಾಮಾನನ ಕವಚದ ಒಳಗೆ

ಎರಡನೇ ಅರಸುಗಳು ಐದನೇ ಅಧ್ಯಾಯ ತೆಗೀರಿ. ಮೊಬೈಲಲ್ಲಿ ಇರೋರು ಮೊಬೈಲಲ್ಲೇ ತೆಗೀರಿ, ಆದರೆ ವಾಟ್ಸಾಪ್ ಬೇಡ.

ನಾಮಾನ ಅರಾಮ್ ದೇಶದ ಸೇನಾಪತಿ. ಯುದ್ಧ ಗೆದ್ದವನು, ಅರಸನಿಗೆ ಬೇಕಾದವನು. ಬೀದಿಯಲ್ಲಿ ನಿಂತವರಿಗೆ ಕಾಣ್ತಿದ್ದದ್ದು ಅವನ ಕವಚ. ಕವಚ ಬಿಚ್ಚಿದರೆ ಒಳಗೆ ಕುಷ್ಠ. ಅದು ಮನೆಯವರಿಗೆ ಗೊತ್ತು. ಸೆರೆಹಿಡಿದು ತಂದು ಮನೆಗೆಲಸಕ್ಕೆ ಇಟ್ಟುಕೊಂಡ ಇಸ್ರಾಯೇಲಿನ ಹುಡುಗಿಗೂ ಗೊತ್ತು. ಇಡೀ ದೇಶ ಸುಮ್ಮನಿದ್ದಾಗ ಬಾಯಿಬಿಟ್ಟವಳು ಆ ಹುಡುಗಿ. ಅವಳ ಹೆಸರನ್ನೂ ಸತ್ಯವೇದ ಹೇಳಲ್ಲ.

ನಾಮಾನ ರಥ ಕಟ್ಟಿಕೊಂಡು ಎಲೀಷನ ಬಾಗಿಲಿಗೆ ಬಂದ. ಪ್ರವಾದಿ ಹೊರಗೇ ಬರಲಿಲ್ಲ, ಆಳನ್ನು ಕಳಿಸಿ ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು ಅಂತ ಹೇಳಿಸಿದ. ಸೇನಾಪತಿಗೆ ಸಿಟ್ಟು ಬಂತು. ನಮ್ಮೂರಲ್ಲಿ ನದಿ ಇಲ್ವಾ ಅಂತ ರಥ ತಿರುಗಿಸಿಬಿಟ್ಟ! ಆಗ ಅವನ ಸೇವಕರು ಹತ್ತಿರ ಹೋದರು. ಏನಂತ ಕರೆದರು ನೋಡಿ: ತಂದೆಯೇ ಅಂತ. ಕಷ್ಟದ ಕೆಲಸ ಹೇಳಿದ್ದರೆ ನೀವು ಮಾಡ್ತಿದ್ದಿರಿ, ಇದು ಸುಲಭದ್ದಲ್ವಾ ಅನ್ನೋ ಅರ್ಥದಲ್ಲಿ ಮಾತಾಡಿದರು. ಬೈಯಲಿಲ್ಲ, ಹೆದರಿಸಲಿಲ್ಲ.

ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಆಟೋ ಓಡಿಸುತ್ತಿದ್ದ ಒಬ್ಬ ಅಣ್ಣ ನಮ್ಮ ಆರಾಧನೆಗೆ ಬರ್ತಿದ್ದರು. ಗುಟ್ಕಾದಿಂದ ಬಿಡುಗಡೆ ಸಿಕ್ಕಿತು ಅಂತ ಇದೇ ಮೈಕ್ ಹಿಡಿದು ಸಾಕ್ಷಿ ಹೇಳಿದವರು. ಒಂದು ಭಾನುವಾರ ಬಂದು, "ಪಾಸ್ಟರ್, ಕೆನ್ನೆ ಒಳಗೆ ಹುಣ್ಣಾಗಿದೆ, ಖಾರ ತಿನ್ನೋಕಾಗ್ತಿಲ್ಲ, ಪ್ರಾರ್ಥನೆ ಮಾಡಿ" ಅಂದರು. ಎಣ್ಣೆ ಹಚ್ಚಿ ಪ್ರಾರ್ಥಿಸಿದೆ. ಎಷ್ಟು ದಿನದಿಂದ ಇದೆ ಅಂತ ಕೇಳಲಿಲ್ಲ. ಬಾಯಿ ತೆಗೀರಿ ಅಣ್ಣ, ನೋಡೋಣ ಅನ್ನಲಿಲ್ಲ. ಹೀಗೆ ಐದು ತಿಂಗಳು. ಕೊನೆಗೆ ಕುತ್ತಿಗೆಯಲ್ಲಿ ಗಂಟು ಕಂಡಾಗ ಆಸ್ಪತ್ರೆಗೆ ಹೋದೆವು. ಅಲ್ಲಿಯ ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸಾಕ್ಷಿ ಹೇಳಿದವನು ನಾನು. ಮತ್ತೆ ಹಾಕ್ತಿದೀನಿ ಅಂತ ನಿಮಗೆ ಗೊತ್ತಾಗುತ್ತಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ." ಅವರನ್ನು ಸಮಾಧಿ ಮಾಡಿದವನೂ ನಾನೇ.

ಪ್ರಾರ್ಥನೆಯಲ್ಲಿ ನನ್ನ ನಂಬಿಕೆ ಕಡಿಮೆಯಾಗಿಲ್ಲ, ಈಗಲೂ ಕೈಯಿಟ್ಟು ಪ್ರಾರ್ಥಿಸ್ತೀನಿ. ಆದರೆ ಯಾಜಕಕಾಂಡ 13 ಓದಿ. ಮೈಮೇಲೆ ಮಚ್ಚೆ ಕಂಡರೆ ಯಾಜಕ ಕಣ್ಣಿಟ್ಟು ನೋಡಬೇಕು, ಸಂಶಯ ಇದ್ದರೆ ಏಳು ದಿನ ಬಿಟ್ಟು ಮತ್ತೆ ನೋಡಬೇಕು. ಯೇಸು ಸ್ವಾಮಿ ಕುಷ್ಠರೋಗಿಯನ್ನು ವಾಸಿಮಾಡಿದ ಮೇಲೂ ಹೋಗಿ ಯಾಜಕನಿಗೆ ತೋರಿಸು ಅಂದರು. ತೋರಿಸುವುದು ಅಪನಂಬಿಕೆ ಆಗಿದ್ದರೆ ಆತನೇ ಕಳಿಸ್ತಿರಲಿಲ್ಲ. ಆಮೆನ್?

ಬಾಯಿಯ ಕ್ಯಾನ್ಸರ್ ಬರುವ ಮುಂಚೆ ಬಹಳ ಸಲ ಸೂಚನೆ ಕೊಡುತ್ತೆ. ಕೆನ್ನೆ ಒಳಗೆ, ನಾಲಿಗೆ ಪಕ್ಕ ಬಿಳಿ ಅಥವಾ ಕೆಂಪು ಮಚ್ಚೆ. ಎರಡು ವಾರ ಕಳೆದರೂ ಮಾಯದ ಹುಣ್ಣು. ಬಾಯಿ ಪೂರ್ತಿ ತೆಗೆಯೋಕೆ ಆಗದಿರುವುದು. ತಂಬಾಕು ಇಲ್ಲ, ಬರೀ ಅಡಿಕೆ ಅನ್ನೋರೂ ಕೇಳಿಸಿಕೊಳ್ಳಿ, ಅಡಿಕೆ ಒಂದೇ ಸಾಕು ಕ್ಯಾನ್ಸರ್‌ಗೆ. ಬೆಳಕು ಬಿಟ್ಟು ನೋಡೋಕೆ ಬೇಕಾಗುವುದು ಕೆಲವೇ ನಿಮಿಷ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಡಾಕ್ಟರ್‌ಗಳಲ್ಲ, ಮನೆಮನೆಗೆ ಹೋಗಿ ಹೀಗೇ ಬಾಯಿ ನೋಡಿದರು. ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂವತ್ತು ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲೂ ಇದೆ. ಆದರೆ ದಿನಗೂಲಿಯವನಿಗೆ ಆಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ.

ನಮ್ಮ ಮೊದಲ ಕ್ಯಾಂಪ್ ಇದೇ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ. ಬ್ಯಾನರ್ ಕಟ್ಟಿದ್ವಿ, ಬಿಸ್ಕೆಟ್ ತಂದಿದ್ವಿ. ಬಂದವರು ಮೂರು ಜನ, ಮೂವರೂ ನಮ್ಮವರೇ, ಅಡಿಕೆ ಚೂರನ್ನೂ ಮುಟ್ಟದವರು! ಆಮೇಲೆ ನಮ್ಮ ಸಭೆಯ ದಂತವೈದ್ಯೆ ಸಹೋದರಿ ಹೇಳಿದರು, "ಪಾಸ್ಟರ್, ಅವರು ಬರಲ್ಲ, ನಾವೇ ಹೋಗೋಣ." ಬೆಳಿಗ್ಗೆ ಆರಕ್ಕೆ ಆಟೋ ಸ್ಟ್ಯಾಂಡಿನ ಟೀ ಅಂಗಡಿ. ಸಂಜೆ ಕಟ್ಟಡ ಕೆಲಸದ ಶೆಡ್‌ಗಳು, ಅಲ್ಲಿ ರಾಯಚೂರು, ಯಾದಗಿರಿ ಕಡೆಯ ಅಣ್ಣಂದಿರು. ಟಾರ್ಚ್, ಗ್ಲೌಸ್, ಐಸ್‌ಕ್ರೀಂ ಕಡ್ಡಿಯಂಥ ಮರದ ಕಡ್ಡಿ, ಇಷ್ಟೇ ಸಾಮಾನು.

ಕರಪತ್ರ ಹಂಚಬೇಡಿ ಅಂತ ನಾನೇ ಹೇಳಿದೆ. ಹಿರಿಯರಲ್ಲಿ ಇಬ್ಬರಿಗೆ ಬೇಜಾರಾಯಿತು, ಸುವಾರ್ತೆಗೆ ನಾಚಿಕೆಯಾ ಅಂತ ಕೇಳಿದರು. ನಾಚಿಕೆ ಇಲ್ಲ ಅಣ್ಣಾ. ಬಾಯಿ ತೋರಿಸಬೇಕಾದರೆ ಏನೋ ಕೊಡಬೇಕಾಗುತ್ತೆ ಅಂತ ಅವರಿಗೆ ಅನಿಸಬಾರದು, ಅಷ್ಟೇ. ಯಾರು ನೀವು ಅಂತ ಕೇಳಿದರೆ ಹೇಳ್ತೀವಿ, ಮುಚ್ಚಿಡೋದೇನಿದೆ.

ಮೊದಲ ದಿನ ಯಾರೂ ಹತ್ತಿರ ಬರಲಿಲ್ಲ. "ನೋಡದೇ ಇದ್ದರೆ ಕಾಯಿಲೆ ಇಲ್ಲ ಸಾರ್" ಅಂದರು ಒಬ್ಬರು. ಟೀ ಅಂಗಡಿಯವರು ತಾವೇ ಮೊದಲು ಬಾಯಿ ತೆಗೆದು ಕೂತರು. ಅವರ ಹಿಂದೆ ಒಂದು ಸಾಲು ಆಯಿತು. ಬೈಯದೆ ಕೇಳಿದರೆ ಗಂಡಸರು ಹೇಳ್ತಾರೆ ಪ್ರಿಯರೇ, ದಿನಕ್ಕೆ ಎಷ್ಟು ಪ್ಯಾಕೆಟ್, ಯಾವ ಕೆನ್ನೆಯಲ್ಲಿ ಇಟ್ಕೊಳ್ತಾರೆ, ಎಲ್ಲ.

ಕಳೆದ ತಿಂಗಳು ಒಬ್ಬರಿಗೆ ನಾಲಿಗೆ ಪಕ್ಕ ಬಿಳಿ ಮಚ್ಚೆ ಸಿಕ್ಕಿದೆ. ಡೇರಿ ಸರ್ಕಲ್ ಹತ್ತಿರದ ಕಿದ್ವಾಯಿಗೆ ಹೋಗಬೇಕು, ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಎರಡು ಸಲ ದಿನ ಗೊತ್ತು ಮಾಡಿದೆವು. ಎರಡು ಸಲವೂ ಫೋನ್ ಆಫ್. ಮೂರನೇ ಸಲ ಶೆಡ್ಡಿಗೇ ಹೋದೆ. ಒಳಗಿಂದ ಅವರ ಮಗಳು, ಏಳೆಂಟು ವರ್ಷ ಇರಬಹುದು, "ಅಪ್ಪ ಒಳಗದಾನ" ಅಂದುಬಿಟ್ಟಳು. ನನಗೆ ನಾಮಾನನ ಮನೆಯ ಹುಡುಗಿ ನೆನಪಾದಳು. "ಒಬ್ಬನೇ ಹೋಗಾಕ ಭಯ ಆಗತೈತಿ, ಯಾರಾದ್ರೂ ಜೊತಿಗೆ ಬರ್ತೀರೇನ್ರಿ" ಅಂದರು ಆ ಅಣ್ಣ.

ಬುಧವಾರ ಹೋಗ್ತಿದ್ದೀವಿ. ಅವತ್ತು ನನಗೆ ಕೆಲಸದಲ್ಲಿ ರಜೆ ಸಿಕ್ಕಿಲ್ಲ. ಬೆಳಿಗ್ಗೆ ಬೇಗ ಹೋಗಿ ಸಾಲಲ್ಲಿ ನಿಲ್ಲಬೇಕು, ಇಡೀ ದಿನ ಆಗಬಹುದು. ಲೀವ್ ಹಾಕಬಲ್ಲ ಸಹೋದರ ಒಬ್ಬರು ಬೇಕು. ಶನಿವಾರದ ಆಟೋ ಸ್ಟ್ಯಾಂಡಿಗೆ ಟಾರ್ಚ್ ಹಿಡಿಯೋಕೆ ಇಬ್ಬರು. ಇಲ್ಲಿ ಕೂತಿರುವವರಲ್ಲೇ ಯಾರ ಬಾಯಲ್ಲಾದರೂ ಹುಣ್ಣಿದ್ದರೆ, ಬಿಟ್ಟಿದ್ದೀನಿ ಅಂತ ಸಾಕ್ಷಿ ಹೇಳಿದ್ದರೂ ಸರಿ, ಬಿಡೋಕೆ ಆಗದಿದ್ದರೂ ಸರಿ, ಪ್ರಾರ್ಥನೆ ಆದಮೇಲೆ ಹಿಂದಿನ ಕೋಣೆಗೆ ಬನ್ನಿ. ಸಹೋದರಿ ಅಲ್ಲಿರ್ತಾರೆ. ನಾನೂ ಇರ್ತೀನಿ.

ಈಗ ಎಲ್ಲರೂ ಎದ್ದು ನಿಲ್ಲೋಣ.