ಬಾರದ ಹಣದ ಋಣ

ಪರಧನವನ್ನು ಮುಟ್ಟಬಾರದೆಂಬುದು ಶರಣಮಾರ್ಗದಲ್ಲಿ ಗೃಹಸ್ಥನಿಗೆ ಆದಿಯ ನೇಮ. ಆ ನೇಮವನ್ನೇ ಗಾಳವಾಗಿ ಮಾಡಿಕೊಂಡು ಭಕ್ತರ ಗಳಿಕೆಯನ್ನು ಅಪಹರಿಸುವ ವಂಚನೆಯೊಂದು ಈಗ ಕೈಯೊಳಗಿನ ಫೋನಿನ ಮುಖಾಂತರ ನಡೆಯುತ್ತಿದೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಒಕ್ಕಲಿಗನು ತೊಗರಿ ಮಾರಿದ ಹಣದ ಹಾದಿ ಕಾಯುತ್ತಿರುವ ದಿನಗಳಲ್ಲಿ, ಆತನ ಖಾತೆಗೆ ಇಪ್ಪತ್ತು ಸಾವಿರ ರೂಪಾಯಿ ಜಮೆಯಾಯಿತೆಂಬ ಸಂದೇಶವು ಬರುತ್ತದೆಂದು ಭಾವಿಸೋಣ. ಬೆನ್ನಿಗೇ ಒಂದು ಕರೆ: ಹಣವು ತಪ್ಪಿ ತಮ್ಮ ಖಾತೆಗೆ ಬಿದ್ದಿತು, ಮಗು ಆಸ್ಪತ್ರೆಯಲ್ಲಿದೆ, ದಯಮಾಡಿ ಹಿಂದಿರುಗಿಸಬೇಕು. ಅನ್ಯರ ಹಣವು ತನ್ನಲ್ಲಿ ಒಂದು ರಾತ್ರಿಯೂ ಉಳಿಯಬಾರದೆಂದು ಆ ಸಜ್ಜನನು ಒಡನೆಯೇ ಕಳುಹಿಸಿಬಿಡುತ್ತಾನೆ. ಬಂದುದು ಹಣ ಬಂದಿತೆಂಬ ಅಕ್ಷರಗಳು ಮಾತ್ರ. ಹೋದುದು ನಿಜವಾದ ಹಣ. ಲೋಭಿಯು ಮೋಸಹೋದರೆ ಲೋಕ ನಗುತ್ತದೆ. ಇಲ್ಲಿ ಪ್ರಾಮಾಣಿಕನೇ ಮೊದಲು ಸಿಕ್ಕಿಬೀಳುತ್ತಾನೆ. ಹಾಗಾದರೆ ಸತ್ಯಶುದ್ಧವಾದ ನಡತೆಯೇ ದೋಷವಾಯಿತೆ?

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ವಿದಿತವೇ. ಆಕೆ ಕಂಡುದು ಅಕ್ಕಿಯನ್ನು, ಅಕ್ಕಿಯ ವಾರ್ತೆಯನ್ನಲ್ಲ. ತಮ್ಮ ಕಾಯಕದ ದಿನದ ಅಳತೆಯು ತಿಳಿದಿದ್ದುದರಿಂದಲೇ ಹೆಚ್ಚಾದುದು ಹೊಳೆಯಿತು. ಯಾರದೋ ಮಾತು ಕೇಳಿ ತನ್ನ ಮಡಕೆಯ ಅಕ್ಕಿಯನ್ನು ಅಳೆದುಕೊಟ್ಟಿದ್ದರೆ ಅದು ತ್ಯಾಗವೆನಿಸುತ್ತಿರಲಿಲ್ಲ. ದಾಸೋಹಕ್ಕೆ ಸಲ್ಲಬೇಕಾದುದು ಕಳ್ಳನಿಗೆ ಸಲ್ಲುತ್ತಿತ್ತು. ಒಕ್ಕಲಿಗನ ಆಚಾರದಲ್ಲಿ ಕೊರತೆಯೇನೂ ಇಲ್ಲ. ಅದು ಅರಿವನ್ನು ಹಿಂದಿಕ್ಕಿ ಓಡಿತು.

ತಾರ್ಕಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ ಆಪ್ತನ ವಾಕ್ಯವನ್ನಷ್ಟೇ ಒಪ್ಪುತ್ತಾರೆ. ಯಾರದೋ ಹತ್ತಂಕಿಯ ಸಂಖ್ಯೆಯಿಂದ ಬಂದ ಸಂದೇಶವು ಬ್ಯಾಂಕಿನ ವಾಕ್ಯವನ್ನು ಎಷ್ಟು ಅನುಕರಿಸಿದರೂ ಆಪ್ತವಾಕ್ಯವಾಗದು. ಅದರೊಳಗಿನ ಕೊಂಡಿಯನ್ನು ಒತ್ತಲೇಬಾರದು. ಪ್ರತ್ಯಕ್ಷವಿರುವುದು ಪಾಸ್‌ಬುಕ್ಕಿನಲ್ಲಿ, ಇಲ್ಲವೆ ತಾನೇ ತೆರೆದು ನೋಡುವ ಬ್ಯಾಂಕಿನ ಆ್ಯಪಿನ ಶಿಲ್ಕಿನಲ್ಲಿ. ವಾಡಿ ಜಂಕ್ಷನ್ನಿನ ಬಳಿಯ ಚಹದಂಗಡಿಯವನಾಗಲಿ, ಶಹಾಬಾದಿನ ಹಾಸುಗಲ್ಲಿನ ವ್ಯಾಪಾರಿಯಾಗಲಿ ಗಿರಾಕಿಯ ಫೋನಿನಲ್ಲಿ ಕಂಡ ಹಸಿರು ಗುರುತಿಗೆ ಸರಕು ಬಿಡದೆ ತನ್ನ ಖಾತೆಯನ್ನು ನೋಡತಕ್ಕದ್ದು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಎಂದೂ ಬೇಕಿಲ್ಲ; ಅದು ಕೊಡುವವನ ಮುದ್ರೆ. ಹೀಗೆ ಪರೀಕ್ಷಿಸುವುದು ದಯೆಗೆ ವಿರುದ್ಧವೆಂದು ಕೆಲವರು ಅಳುಕುತ್ತಾರೆ. ಆದರೆ ಸಂಕಟದ ಮಾತು ನಿಜವಾಗಿದ್ದರೆ ಅದು ಎರಡು ಗಳಿಗೆಯ ಪರೀಕ್ಷೆಯನ್ನು ತಾಳಿಕೊಂಡೀತು.

ಹಣವು ನಿಜವಾಗಿಯೇ ಬಂದಿದ್ದರೆ? ಆಗಲೂ ಕರೆಮಾಡಿದವನು ಹೇಳಿದ ಸಂಖ್ಯೆಗೆ ಕಳುಹಿಸಬಾರದು. ಅದು ಮೂರನೆಯವನೊಬ್ಬನಿಂದ ಕದ್ದ ಹಣವಿರಬಹುದು. ಆ ಜಾಡಿನಲ್ಲಿ ಈತನ ಖಾತೆಯನ್ನೂ ಪೊಲೀಸರು ತಡೆಹಿಡಿಸಿಯಾರು. ಮುಟ್ಟದೆ ಇರಿಸಿ, ತನ್ನ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ಬ್ಯಾಂಕಿನ ಮೂಲಕವೇ ಮರಳಿಸುವುದು ವಿಹಿತ. ಲಕ್ಕಮ್ಮನೂ ಅಕ್ಕಿಯನ್ನು ಬಂದ ಎಡೆಗೇ ಕಳುಹಿಸಿದಳಲ್ಲವೆ?

ಮೋಸಹೋದವರಲ್ಲಿ ಅನೇಕರು ನಾಚಿಕೆಯಿಂದ ಮಡದಿಮಕ್ಕಳಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಈ ಮೌನವು ಕಳ್ಳನಿಗೆ ಸಲ್ಲಿಸಿದ ಎರಡನೆಯ ಕಾಣಿಕೆ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಒಡನೆ ಕರೆಮಾಡಿದರೆ ಹಣವು ಖಾತೆಯಿಂದ ಖಾತೆಗೆ ದಾಟಿ ಮರೆಯಾಗುವ ಮುನ್ನ ಅದನ್ನು ತಡೆಯಿಸುವ ಸಾಧ್ಯತೆಯುಂಟು. ಗಳಿಗೆ ಕಳೆದಂತೆ ಅದು ಕುಗ್ಗುತ್ತದೆ. ಆ ಬಳಿಕ ಸಂದೇಶವನ್ನು ಅಳಿಸದೆ ಇಟ್ಟುಕೊಂಡು ಬ್ಯಾಂಕಿಗೂ ಊರಿನ ಪೊಲೀಸ್ ಠಾಣೆಗೂ ಹೋಗತಕ್ಕದ್ದು.